ಹಳೆ ಕಾರಿನ ಹುಚ್ಚು ಐದು ವರ್ಷ ಆದಮೇಲೂ ಉಳಿಯಬೇಕಾದರೆ

"ಕ್ಲಾಸಿಕ್ ಕಾರು ತಗೋಬೇಕು ಅಂತ ತುಂಬ ದಿನದ ಆಸೆ. ಎಲ್ಲಿಂದ ಶುರು ಮಾಡಲಿ?" ಹೀಗೆ ಕೇಳುವವರು ಒಬ್ಬಿಬ್ಬರಲ್ಲ. ಶುರು ಮಾಡೋದೇನೂ ಕಷ್ಟವಿಲ್ಲ ಬಿಡಿ, ದುಡ್ಡು ಕೊಟ್ಟರೆ ಕಾರು ಬರುತ್ತದೆ. ಐದು ವರ್ಷ ಕಳೆದ ಮೇಲೂ ನೀವು ಅದರ ಬಾನೆಟ್ ಎತ್ತುತ್ತಿರುತ್ತೀರಾ? ನಾನು ಉತ್ತರ ಕೊಡಲು ಹೊರಟಿರುವುದು ಈ ಪ್ರಶ್ನೆಗೆ.

ಹವ್ಯಾಸ ಬಿಟ್ಟವರ ಕಥೆ ಹೆಚ್ಚುಕಡಿಮೆ ಒಂದೇ. ಕಾರು ಬಂತು. ಮೊದಲ ತಿಂಗಳಲ್ಲೇ ಪೂರ್ತಿ ಬಿಚ್ಚಿದರು. ಜೋಡಿಸಲು ಆಗಲಿಲ್ಲ. ಮೇಲೊಂದು ಟಾರ್ಪಾಲು ಹೊದಿಸಿದರು. ಆಮೇಲೆ ಅದರ ಮುಖ ನೋಡಲೂ ಬೇಜಾರು. ಉಳಿದುಕೊಂಡವರ ಹತ್ತಿರ ದುಡ್ಡು ಜಾಸ್ತಿ ಇರುತ್ತದೆ ಅಂತೇನಿಲ್ಲ, ತಿಳಿವಳಿಕೆಯೂ ಅಷ್ಟೇ. ಅವರ ಕಾರು ಓಡುತ್ತಿರುತ್ತದೆ. ಬಣ್ಣ ಮಾಸಿರಬಹುದು, ಸೀಟು ಹರಿದಿರಬಹುದು, ಆದರೆ ರಜೆಯ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಒಂದು ಸ್ಥಿತಿಯನ್ನು ಕಾಪಾಡಿಕೊಳ್ಳುವುದಕ್ಕೆ.

ಮೊದಲು ಪದಗಳ ಗೊಂದಲ ಮುಗಿಸಿಬಿಡೋಣ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ, 30 ವರ್ಷವಾದರೂ ತುಂಬಿರುವ, ಮೂಲ ರೂಪಕ್ಕೆ ತಕ್ಕಂತೆ ಕಾಪಾಡಿರುವ, ದಿನನಿತ್ಯದ ಓಡಾಟಕ್ಕೆ ಬಳಸದ ವಾಹನವನ್ನು ಐತಿಹಾಸಿಕ ವಾಹನ ಎನ್ನುತ್ತದೆ. ಬ್ರಿಟಿಷ್ ಬಳಕೆಯಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ನಡುವೆ ತಯಾರಾದದ್ದು. ಕ್ಲಾಸಿಕ್ ಅನ್ನುವುದಕ್ಕೆ ಹೀಗೆ ಗೆರೆ ಎಳೆದ ಅರ್ಥವಿಲ್ಲ. ಈ ಲೇಖನದಲ್ಲಿ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ, ಕಂಪ್ಯೂಟರ್ ಇಲ್ಲದ ಕಾರು ಅಂತ ಇಟ್ಟುಕೊಳ್ಳಿ.

ಏನೇನು ಬೇಕು?

ವಾರಕ್ಕೆ ಎರಡು ಮೂರು ಗಂಟೆ ಬಿಡುವು. ಮಳೆ ಬೀಳದ, ನೆಲ ಒಣಗಿರುವ ಜಾಗ. ಕಾರಿನ ಬೆಲೆಯ ಮೇಲೆ ಕನಿಷ್ಠ ಮೂರನೇ ಒಂದು ಭಾಗದಷ್ಟು ಹಣ ಕೈಯಲ್ಲಿ. ಮೊದಲ ವರ್ಷ ಅದು ಖರ್ಚಾಗುತ್ತದೆ ಅಂತಲೇ ತಿಳಿಯಿರಿ. ಇದರ ಜೊತೆಗೆ ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನ್ಯುಯಲ್, ಅಂದರೆ ಮೆಕ್ಯಾನಿಕ್‌ಗಳಿಗಾಗಿ ಬರೆದ ರಿಪೇರಿ ಪುಸ್ತಕ. ಕಾರಿನ ಜೊತೆ ಮಾಲೀಕರಿಗೆ ಕೊಡುತ್ತಿದ್ದ ಸಣ್ಣ ಪುಸ್ತಕವೇ ಬೇರೆ, ಇದೇ ಬೇರೆ. ಸಿಕ್ಕಿದರೆ ಪಾರ್ಟ್ಸ್ ಕ್ಯಾಟಲಾಗ್ ಕೂಡ ತಗೊಳ್ಳಿ. ಅದರಲ್ಲಿ ಪ್ರತಿ ಭಾಗವನ್ನೂ ಬಿಡಿಸಿಟ್ಟ ಚಿತ್ರವಿರುತ್ತದೆ. ಯಾವ ವಾಷರ್ ಯಾವುದರ ಹಿಂದೆ ಬರುತ್ತದೆ ಅನ್ನುವ ಜಗಳವನ್ನು ಆ ಚಿತ್ರ ಒಂದು ನಿಮಿಷದಲ್ಲಿ ಬಗೆಹರಿಸುತ್ತದೆ.

ಟೂಲ್ಸ್ ವಿಷಯದಲ್ಲಿ ಒಂದು ಎಚ್ಚರ. ಸ್ಪ್ಯಾನರ್‌ಗಳಲ್ಲಿ ಮೂರು ಜಾತಿ ಇವೆ. ಯುರೋಪಿನ ಮತ್ತು ಜಪಾನಿನ ಕಾರುಗಳಿಗೆ ಸಾಮಾನ್ಯವಾಗಿ ಮಿಲಿಮೀಟರ್ ಅಳತೆ. ಅಮೆರಿಕದ ಕಾರುಗಳಿಗೂ ಆಮೇಲಿನ ಬ್ರಿಟಿಷ್ ಕಾರುಗಳಿಗೂ ಇಂಚಿನ ಅಳತೆ. ಇನ್ನೂ ಹಳೆಯ ಬ್ರಿಟಿಷ್ ಕಾರುಗಳಿಗೆ ವಿಟ್‌ವರ್ತ್. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬರೆದಿರುವ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ತಲೆಯ ಅಗಲವನ್ನಲ್ಲ. ಅದಕ್ಕೇ ಇಂಚಿನ ಸ್ಪ್ಯಾನರ್ ಅದಕ್ಕೆ ಕೂರುವುದಿಲ್ಲ. "ಹತ್ತಿರ ಹತ್ತಿರ ಕೂರುತ್ತಲ್ಲ" ಅಂತ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಹತ್ತು ನಿಮಿಷದ ಕೆಲಸಕ್ಕೆ ಇಡೀ ದಿನ ಹೋಗುತ್ತದೆ.

ಇವುಗಳ ಜೊತೆ ಮಲ್ಟಿಮೀಟರ್, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಬ್ಲೇಡುಗಳ ಗೊಂಚಲು), ಗ್ರೀಸ್ ಗನ್, ಟೈಮಿಂಗ್ ಲೈಟ್ (ಕಿಡಿ ಹಾರುವ ಹೊತ್ತನ್ನು ನೋಡುವ ದೀಪ) ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಹಳೆ ಕಾರಿಗೆ ಕೈ ಹಾಕಬೇಡಿ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಒಳ್ಳೆಯ ಆಕ್ಸಲ್ ಸ್ಟ್ಯಾಂಡ್ ಎರಡು ಜೊತೆ ತಗೊಳ್ಳಿ. ಜಾಕ್ ಇರುವುದು ಕಾರನ್ನು ಎತ್ತಲಿಕ್ಕೆ ಮಾತ್ರ. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ನಂಬಿ ಅಡಿಗೆ ಹೋಗಲೇಬೇಡಿ. ಐದು ನಿಮಿಷಕ್ಕೂ ಬೇಡ.

1. ನಿಮಗೆ ಯಾವುದು ಖುಷಿ ಅಂತ ಕಂಡುಕೊಳ್ಳಿ

ಕೆಲವರಿಗೆ ಓಡಿಸುವುದು ಇಷ್ಟ. ಕೆಲವರಿಗೆ ಕೈ ಮಸಿ ಮಾಡಿಕೊಂಡು ರಿಪೇರಿ ಮಾಡುವುದು ಇಷ್ಟ. ಕೆಲವರಿಗೆ ಕಾಗದ ಪತ್ರ, ಹಳೆ ಫೋಟೋ, ಯಾವ ವರ್ಷ ಯಾವ ದೀಪ ಬಂತು ಅನ್ನುವ ಲೆಕ್ಕವೇ ಇಷ್ಟ. ಮೂರೂ ಸರಿಯೇ. ಆದರೆ ಓಡಿಸುವ ಆಸೆ ಇರುವವರು ತುಕ್ಕು ಹಿಡಿದ ಪ್ರಾಜೆಕ್ಟ್ ಕಾರು, ಅಂದರೆ ಪೂರ್ತಿ ರಿಪೇರಿ ಆಗಬೇಕಾದ ಕಾರು, ತಂದರೆ ಆರು ತಿಂಗಳಲ್ಲಿ ಸುಸ್ತು. ಕೊಳ್ಳುವ ಮುಂಚೆ ಯಾರದ್ದಾದರೂ ಹಳೆ ಕಾರಿನಲ್ಲಿ ಒಂದು ದಿನ ಕೂತು ಸುತ್ತಿ. ಪೆಟ್ರೋಲ್ ವಾಸನೆ, ಸೆಕೆ, ಗಟ್ಟಿ ಸ್ಟೀರಿಂಗ್, ಹೊಡೆದುಕೊಳ್ಳುವ ಬಾಗಿಲು. ಇಳಿದ ಮೇಲೂ ನಗು ಬರುತ್ತಿದೆಯಾ? ಹಾಗಾದರೆ ಮುಂದಿನ ಹಂತಕ್ಕೆ ಬನ್ನಿ.

2. ಮೊದಲ ಕಾರು ಸಾಮಾನ್ಯದ್ದೇ ಇರಲಿ

ಕನಸಿನ ಕಾರನ್ನು ಮೊದಲನೇ ಕಾರಾಗಿ ಕೊಳ್ಳಬೇಡಿ. ಇದು ನನ್ನ ಹಟ ಅಂದರೂ ಸರಿ. ಕಲಿಯುವಾಗ ನೀವು ತಪ್ಪು ಮಾಡೇ ಮಾಡುತ್ತೀರಿ. ಆ ತಪ್ಪು ಅಗ್ಗದ ಕಾರಿನ ಮೇಲೆ ಆಗಲಿ.

ನೋಡಬೇಕಾದ್ದು ಬಿಡಿಭಾಗ ಸಿಗುತ್ತದಾ ಅಂತ. ಲಕ್ಷಗಟ್ಟಲೆ ತಯಾರಾದ ಕಾರುಗಳಿಗೆ ಇಂದಿಗೂ ಹೊಸ ಭಾಗ ಮಾಡುವವರಿದ್ದಾರೆ. ಫೋಕ್ಸ್‌ವ್ಯಾಗನ್ ಬೀಟಲ್ 2.1 ಕೋಟಿಗೂ ಹೆಚ್ಚು ತಯಾರಾಯಿತು, ಕೊನೆಯದು ಮೆಕ್ಸಿಕೋದಲ್ಲಿ 2003ರಲ್ಲಿ. ಹಳೆ ಮಿನಿ 1959ರಿಂದ 2000ದವರೆಗೆ 50 ಲಕ್ಷಕ್ಕೂ ಹೆಚ್ಚು. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು. ಇಂಥವುಗಳಲ್ಲಿ ನಿಮಗೆ ಬರುವ ತೊಂದರೆ ಈಗಾಗಲೇ ಸಾವಿರಾರು ಜನರಿಗೆ ಬಂದು, ಪರಿಹಾರವೂ ಸಿಕ್ಕಿರುತ್ತದೆ. ಎಲ್ಲೂ ಕಾಣದ ಅಪರೂಪದ ಕಾರು ತಂದರೆ ಒಂದು ಹಿಂದಿನ ದೀಪದ ಗಾಜಿಗೆ ವರ್ಷ ಕಾಯಬೇಕಾದೀತು.

ಪರೀಕ್ಷೆ ಮಾಡುವಾಗ ಎಂಜಿನ್‌ಗಿಂತ ಬಾಡಿ ನೋಡಿ. ಎಂಜಿನ್ ಕೆಟ್ಟರೆ ಲೆಕ್ಕ ಹಾಕಬಹುದು: ಇಷ್ಟು ಭಾಗ, ಇಷ್ಟು ಕೂಲಿ. ತುಕ್ಕಿಗೆ ಲೆಕ್ಕ ಸಿಗುವುದಿಲ್ಲ. ಮೇಲೆ ಒಂದು ಬೆರಳಿನಷ್ಟು ಕಂಡರೆ ಒಳಗೆ ಒಂದು ಅಂಗೈ ಇರುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬಣ್ಣ ಗೀಚದಂತೆ ತೆಳು ಬಟ್ಟೆ ಸುತ್ತಿ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಬಾಗಿಲುಗಳ ಕೆಳ ಅಂಚು, ಹೀಗೆ ಒಂದೊಂದು ಕಡೆ ಹಿಡಿಯಿರಿ. ಛಾವಣಿಯ ಮೇಲೆ ಟಕ್ ಅಂತ ಅಂಟುವ ಅಯಸ್ಕಾಂತ ಬಾಗಿಲ ಕೆಳಗೆ ಜಾರಿ ಬಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಅಲ್ಯೂಮಿನಿಯಂ ಅಥವಾ ಫೈಬರ್ ಬಾಡಿಯ ಕಾರಿಗೆ ಈ ಪರೀಕ್ಷೆ ನಡೆಯುವುದಿಲ್ಲ, ನೆನಪಿರಲಿ.

ಕಾರ್ಪೆಟ್ ಎತ್ತಿ ನೆಲ ನೋಡಿ. ಜಾಕ್ ಹಾಕುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಮಾಲೀಕರ ಅನುಮತಿ ಪಡೆದು ಒಂದು ಕಡೆ ಜಾಕ್ ಎತ್ತಿ, ಆಗ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲ ಸಂದಿ ಬದಲಾದರೆ ಕಾರಿನ ಬೆನ್ನುಮೂಳೆಯೇ ಸೋತಿದೆ. ಎಷ್ಟೇ ಚೆಂದ ಇದ್ದರೂ ಬಿಟ್ಟು ಬನ್ನಿ.

ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾಗದದ ಜೊತೆ ನೀವೇ ಕಣ್ಣಾರೆ ತಾಳೆ ನೋಡಿ. ಮಾರುವವರು "ಮ್ಯಾಚಿಂಗ್ ನಂಬರ್ಸ್" ಅಂತ ಹೇಳಿ ಬೆಲೆ ಏರಿಸುತ್ತಾರೆ. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಈಗಲೂ ಅದರಲ್ಲಿದೆ ಅಂತ ಅದರ ಅರ್ಥ. ಬಾಯಿಮಾತಿಗೆ ದುಡ್ಡು ಕೊಡಬೇಡಿ. ಇನ್ನೊಂದು ವಿಷಯ: ಬಿಟ್ಟುಹೋದ ಕ್ರೋಮ್ ಪಟ್ಟಿ, ಹಿಡಿಕೆ, ಗಡಿಯಾರ ಇವನ್ನು "ಆಮೇಲೆ ಹುಡುಕಿದರಾಯ್ತು" ಅಂದುಕೊಳ್ಳುತ್ತೇವೆ. ಪಿಸ್ಟನ್ ಸಿಗುತ್ತದೆ, ಆ ಪಟ್ಟಿ ಸಿಗುವುದಿಲ್ಲ.

3. ಮೊದಲ ತಿಂಗಳು ನಿಲ್ಲುವುದರ ಕಡೆ ಗಮನ ಕೊಡಿ

ಹೊಸದಾಗಿ ಬಂದ ಹಳೆ ಕಾರನ್ನು ಎಲ್ಲರೂ ಮೊದಲು ಪಾಲಿಶ್ ಮಾಡುತ್ತಾರೆ. ನೀವು ಬ್ರೇಕಿನಿಂದ ಶುರು ಮಾಡಿ.

ತುಂಬ ಹಳೆ ಕಾರುಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಅಂದರೆ ನಾಲ್ಕೂ ಚಕ್ರಕ್ಕೆ ಒಂದೇ ದಾರಿಯಲ್ಲಿ ಬ್ರೇಕ್ ಆಯಿಲ್ ಹೋಗುತ್ತದೆ. ಎಲ್ಲಿ ಸೋರಿದರೂ ಪೆಡಲ್ ಸೀದಾ ನೆಲಕ್ಕೆ. ರಬ್ಬರ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಬ್ರೇಕ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಚಕ್ರ ಹಿಡಿದುಕೊಂಡು ಬಿಸಿಯಾಗುತ್ತದೆ. ಅದಕ್ಕೇ ಎಷ್ಟು ಹಳೆಯದೋ ಗೊತ್ತಿಲ್ಲದ ರಬ್ಬರ್ ಪೈಪನ್ನೆಲ್ಲ ಒಟ್ಟಿಗೆ ಬದಲಿಸಿಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ, ಒಳಗಿನ ಸಿಲಿಂಡರಿಗೂ ತುಕ್ಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಡಾಟ್ (DOT) ಅಂತ ದರ್ಜೆ ಬರೆದಿರುತ್ತದೆ. ಡಾಟ್ 3, ಡಾಟ್ 4 ಒಂದೇ ಕುಲದವು. ಡಾಟ್ 5 ಸಿಲಿಕೋನ್, ಬೇರೆ ಕುಲ, ಬೆರೆಸಲೇಬಾರದು. ಹೆಸರು ನೋಡಿ ಮೋಸ ಹೋಗುವಂಥದ್ದು ಡಾಟ್ 5.1. ಅದು 5ರ ತಮ್ಮನಲ್ಲ, 4ರ ತಮ್ಮ. ಡಾಟ್ 3, 4 ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ. ತಕ್ಷಣ ನೀರು ಹಾಕಿ.

ಆಮೇಲೆ ಟೈರು. ಬಟನ್, ಅಂದರೆ ರಸ್ತೆಗೆ ತಾಗುವ ಕಡೆಯ ಗಟ್ಟುಗಳು, ಚೆನ್ನಾಗಿದ್ದರೆ ಸಾಲದು. ಟೈರಿನ ಪಕ್ಕದ ಗೋಡೆಯಲ್ಲಿ DOT ಎಂದು ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಹಳೆ ಕಾರು ವರ್ಷಕ್ಕೆ ಓಡುವುದೇ ಸ್ವಲ್ಪ. ಹಾಗಾಗಿ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ಹತ್ತು ವರ್ಷ ದಾಟಿದ್ದು ಎಷ್ಟೇ ಹೊಸದಾಗಿ ಕಂಡರೂ ತೆಗೆದುಬಿಡಿ.

ಮೂರನೆಯದು ಪೆಟ್ರೋಲ್ ಪೈಪು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆ ಕಾಲದ ರಬ್ಬರ್ ಅದಕ್ಕೆ ಹೊಂದುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಪೈಪು ಸಾಮಾನ್ಯವಾಗಿ ಇರುವುದು ಬಿಸಿ ಎಂಜಿನ್ ಪಕ್ಕದಲ್ಲೇ. ಎಥನಾಲ್ ತಡೆಯುವ ಪೈಪು ಹಾಕಿ, ಕ್ಲಿಪ್ಪುಗಳನ್ನೂ ಹೊಸದಾಗಿಸಿ. ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ "ಹಳೆ ಕಾರಲ್ವಾ, ಇರುತ್ತೆ" ಅನ್ನಬೇಡಿ. ವಾಸನೆ ಬಂತು ಅಂದರೆ ಎಲ್ಲೋ ಸೋರುತ್ತಿದೆ.

ಬ್ಯಾಟರಿ ಜೋಡಿಸುವಾಗ ಒಂದು ಕ್ಷಣ ನಿಲ್ಲಿ. 1960ರ ದಶಕದ ನಡುವಿನವರೆಗೆ ಬಂದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇತ್ತು. ಅಂದರೆ ಕಾರಿನ ಲೋಹದ ಮೈಗೆ ಜೋಡಿಸುವುದು ಪ್ಲಸ್ ತಂತಿಯನ್ನು. ಅಭ್ಯಾಸ ಬಲದಿಂದ ಮೈನಸ್ ಕಟ್ಟಿದರೆ ಯಾವುದೋ ಒಂದು ಭಾಗದಿಂದ ಹೊಗೆ ಬರುತ್ತದೆ. ಬ್ಯಾಟರಿಯ ಹತ್ತಿರವೇ ಒಂದು ಕಟ್-ಆಫ್ ಸ್ವಿಚ್ ಹಾಕಿಸಿ, ಕಾರು ನಿಲ್ಲಿಸಿದಾಗೆಲ್ಲ ಅದನ್ನು ಆಫ್ ಮಾಡಿಬಿಡಿ.

4. ಒಟ್ಟಿಗೆ ಬಿಚ್ಚಬೇಡಿ

ಇಡೀ ಕಾರನ್ನು ಬಿಚ್ಚಿ ಹೊಸದಾಗಿ ಕಟ್ಟುವುದು ಒಂದು ದಾರಿ. ಓಡಿಸುತ್ತಲೇ ಒಂದೊಂದು ಭಾಗ ಸರಿ ಮಾಡುವುದು ಇನ್ನೊಂದು. ಎರಡನೆಯದಕ್ಕೆ ರೋಲಿಂಗ್ ರೆಸ್ಟೊರೇಷನ್ ಅನ್ನುತ್ತಾರೆ. ಹೊಸಬರಿಗೆ ಎರಡನೆಯದೇ ಸರಿ.

ನಾನು ಇದನ್ನು ಕೇಳಿ ಕಲಿಯಲಿಲ್ಲ. ನನ್ನ ಮೊದಲ ಕಾರಿನಲ್ಲಿ ಮುಂದಿನ ಸಸ್ಪೆನ್ಷನ್ನಿನ ಬುಶ್ (ಕೀಲಿನ ನಡುವಿನ ಸಣ್ಣ ಮೆತ್ತೆ) ಬದಲಿಸಲು ಹೊರಟು, ಇದನ್ನು ಬಿಚ್ಚಿದ ಮೇಲೆ ಅದನ್ನೂ ಅಂತ ಎಂಜಿನ್ನನ್ನೂ ಇಳಿಸಿದೆ. ನಟ್ಟು ಬೋಲ್ಟೆಲ್ಲ ಒಂದೇ ಬಕೆಟ್ಟಿಗೆ. ಆ ಕಾರು ಮತ್ತೆ ನೆಲಕ್ಕಿಳಿದಿದ್ದು ನಾಲ್ಕು ವರ್ಷದ ಮೇಲೆ. ಬಕೆಟ್ಟಿನಲ್ಲಿ ಹನ್ನೊಂದು ಬೋಲ್ಟು ಮಿಕ್ಕಿದ್ದವು.

ಹೀಗೆ ಮಾಡಿ. ಒಂದು ಸಲಕ್ಕೆ ಒಂದೇ ವ್ಯವಸ್ಥೆ: ಈ ತಿಂಗಳು ಬ್ರೇಕು, ಮುಂದಿನದು ಕೂಲಿಂಗ್, ಆಮೇಲೆ ವೈರಿಂಗ್. ಅದು ಮುಗಿದು, ಕಾರು ಒಂದು ಸುತ್ತು ಓಡಿ ಬರುವವರೆಗೂ ಮುಂದಿನದಕ್ಕೆ ಕೈ ಹಾಕಬೇಡಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಅರ್ಧ ಬಿಚ್ಚಿದಾಗ ಇನ್ನೊಂದು. ಬೋಲ್ಟುಗಳನ್ನು ಸಣ್ಣ ಕವರಿಗೆ ಹಾಕಿ, ಯಾವುದು ಎಲ್ಲಿಯದು ಅಂತ ಚೀಟಿ ಬರೆದು ಒಳಗಿಡಿ. ಕವರಿನ ಹೊರಗೆ ಬರೆದದ್ದು ಗ್ರೀಸ್ ಕೈ ತಾಗಿ ಅಳಿಸುತ್ತದೆ. ಸಾಧ್ಯವಾದ ಕಡೆ ಬೋಲ್ಟನ್ನು ಅದರ ತೂತಿಗೇ ಎರಡು ಸುತ್ತು ವಾಪಸ್ ತಿರುಗಿಸಿಡಿ. ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ.

ಹಳೆ ಭಾಗವನ್ನು, ಹೊಸದು ಕೂತು ಕೆಲಸ ಮಾಡುವವರೆಗೆ ಎಸೆಯಬೇಡಿ. ಹೊಸದಾಗಿ ಬರುವ ನಕಲು ಭಾಗಗಳು ಕೆಲವೊಮ್ಮೆ ಹಳೆಯದಕ್ಕಿಂತ ಕಳಪೆ.

5. ಒಂದು ಕೆಲಸವನ್ನು ಪೂರ್ತಿ ಕಲಿಯಿರಿ

ಎಲ್ಲವನ್ನೂ ಅರ್ಧಂಬರ್ಧ ಕಲಿಯುವ ಬದಲು ಒಂದನ್ನು ಕಣ್ಣು ಮುಚ್ಚಿ ಮಾಡುವಷ್ಟು ಕಲಿಯಿರಿ. ನಾನು ಹೇಳುವುದು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟ್ಸ್ ಸರಿಪಡಿಸುವುದು. ಹಳೆ ಎಂಜಿನ್ನಿನಲ್ಲಿ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ಕೆಳಗಿರುವ ಸಣ್ಣ ಸ್ವಿಚ್ ಇದು. ಇದು ತೆರೆದ ಕ್ಷಣವೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ತೆರೆಯುವ ಸಂದಿ ಕೂದಲೆಳೆಯಷ್ಟು ಬದಲಾದರೂ ಎಂಜಿನ್ ಮುನಿಸಿಕೊಳ್ಳುತ್ತದೆ.

ಇಗ್ನಿಷನ್ ಆಫ್ ಮಾಡಿ. ಕಾರು ನ್ಯೂಟ್ರಲ್‌ನಲ್ಲಿರಲಿ. ಮುಚ್ಚಳ ತೆಗೆದು ರೋಟರ್ (ಮುಚ್ಚಳದ ಕೆಳಗೆ ತಿರುಗುವ ತುಂಡು) ಎತ್ತಿಡಿ. ನಡುವಿನ ಕಂಬಿಗೆ ನಾಲ್ಕು ಸಿಲಿಂಡರಿಗೆ ನಾಲ್ಕು ಮೂಲೆ ಇರುತ್ತವೆ. ಪಾಯಿಂಟ್ಸಿನ ಹಿಮ್ಮಡಿಯಂಥ ತುಂಡು ಒಂದು ಮೂಲೆಯ ತುತ್ತತುದಿಗೆ ಬರುವಂತೆ ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಹಗುರವಾಗಿ ತಿರುಗುತ್ತದೆ. ಈಗ ಸಂದಿ ಅತಿ ಹೆಚ್ಚು ತೆರೆದಿದೆ. ಫೀಲರ್ ಗೇಜ್‌ನಲ್ಲಿ ಮ್ಯಾನ್ಯುಯಲ್ ಹೇಳಿದ ಬ್ಲೇಡು ಆರಿಸಿ. ಬೀಟಲ್‌ಗಾದರೆ 0.4 ಮಿಲಿಮೀಟರ್. ಬ್ಲೇಡನ್ನು ಮೊದಲು ಒಣ ಬಟ್ಟೆಯಲ್ಲಿ ಒರೆಸಿ. ಅದರ ಮೇಲಿನ ಎಣ್ಣೆ ಪಾಯಿಂಟ್ಸಿಗೆ ತಾಗಿದರೆ ಸುಟ್ಟು ಕಪ್ಪಾಗುತ್ತದೆ, ಮತ್ತೆ ಅದೇ ತೊಂದರೆ.

ಬ್ಲೇಡು ಒಳಗೆ ಬಿಟ್ಟು ಹಿಂದಕ್ಕೆ ಎಳೆಯಿರಿ. ಸಡಿಲವಾಗಿ ಜಾರಿದರೆ ಸಂದಿ ಜಾಸ್ತಿ. ಒಳಗೆ ಹೋಗುವಾಗ ಪಾಯಿಂಟ್ಸ್ ಕದಲಿತು ಅಂದರೆ ಸಂದಿ ಕಡಿಮೆ. ಎಳೆಯುವಾಗ ಬೆರಳಿಗೆ ಒಂದು ಸಣ್ಣ ಹಿಡಿತ ತಿಳಿಯಬೇಕು, ಅಷ್ಟೇ. ಆ ಹಿಡಿತ ಎಷ್ಟು ಅಂತ ಬರೆದು ಹೇಳಲಾಗುವುದಿಲ್ಲ. ಹತ್ತು ಸಲ ಮಾಡಿದರೆ ಬೆರಳಿಗೇ ಗೊತ್ತಾಗುತ್ತದೆ. ಸರಿಯಿಲ್ಲದಿದ್ದರೆ ಪಾಯಿಂಟ್ಸನ್ನು ಹಿಡಿದಿರುವ ಸ್ಕ್ರೂ ಸ್ವಲ್ಪ ಸಡಿಲಿಸಿ, ಸರಿಸಿ ನೋಡಿ. ಆಮೇಲೆ ಆ ಸ್ಕ್ರೂ ಬಿಗಿ ಮಾಡಿ. ಎಲ್ಲರೂ ಎಡವುವುದು ಇಲ್ಲೇ: ಬಿಗಿ ಮಾಡುವಾಗ ಸಂದಿ ಮತ್ತೆ ಸರಿಯುತ್ತದೆ. ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಕಂಬಿಯ ಮೂಲೆಗೆ ಅಕ್ಕಿಕಾಳಿಗಿಂತ ಕಡಿಮೆ ಗ್ರೀಸ್ ಸವರಿ ಮುಚ್ಚಿ.

ಸಂದಿ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಕೂಡ ಬದಲಾಗುತ್ತದೆ. ಆದ್ದರಿಂದ ಮೊದಲು ಸಂದಿ, ಆಮೇಲೆ ಟೈಮಿಂಗ್, ಕೊನೆಗೆ ಕಾರ್ಬ್ಯುರೇಟರ್. ಈ ಕ್ರಮ ತಲೆಕೆಳಗಾದರೆ ಇಡೀ ದಿನ ಸ್ಕ್ರೂ ತಿರುಗಿಸುತ್ತಾ ಕೂರುತ್ತೀರಿ. ಕಾರ್ಬ್ಯುರೇಟರಿನ ಮೇಲೆ ಹೊರಿಸುವ ದೂರಿನಲ್ಲಿ ಅರ್ಧಕ್ಕರ್ಧ ಪಾಯಿಂಟ್ಸ್ ಇಲ್ಲವೇ ಅದರ ಜೊತೆಗಿರುವ ಸಣ್ಣ ವಿದ್ಯುತ್ ಭಾಗ ಕಂಡೆನ್ಸರ್‌ದೇ ಇರುತ್ತದೆ.

ಬಿಚ್ಚಿಟ್ಟ ಪ್ಲಗ್ಗುಗಳ ತುದಿ ನೋಡದೆ ಬಿಡಬೇಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದು ಅಥವಾ ಎಂಜಿನ್ ವಿಪರೀತ ಬಿಸಿಯಾಗುತ್ತಿದೆ. ಎಣ್ಣೆ ಹಿಡಿದು ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ. ಮೂರು ಒಟ್ಟಿಗೆ ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಕೆಟ್ಟರೂ ಗೊತ್ತಾಗುವುದಿಲ್ಲ.

6. ಡಬ್ಬಿ ಓದದೆ ಆಯಿಲ್ ಸುರಿಯಬೇಡಿ

ಹಳೆ ಕಾರಿಗೆ ದುಬಾರಿ ಆಯಿಲ್ ಹಾಕಿದರೆ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಕೆಲವು ಉದಾಹರಣೆ ನೋಡಿ.

ಗೇರ್ ಆಯಿಲ್‌ನಲ್ಲಿ ಜಿಎಲ್-4, ಜಿಎಲ್-5 ಅಂತ ದರ್ಜೆಗಳಿವೆ. ಐದು ದೊಡ್ಡದು, ಹಾಗಾದರೆ ಒಳ್ಳೆಯದು ಅಂತ ಹಾಕುತ್ತಾರೆ. ಜಿಎಲ್-5ರಲ್ಲಿರುವ ಕೆಲವು ರಾಸಾಯನಿಕ ಹಳೆ ಗೇರ್‌ಬಾಕ್ಸಿನ ಹಿತ್ತಾಳೆ, ಕಂಚಿನ ರಿಂಗುಗಳನ್ನು ತಿನ್ನಬಹುದು. ಮ್ಯಾನ್ಯುಯಲ್ ಜಿಎಲ್-4 ಅಂದರೆ ಅದನ್ನೇ ಹಾಕಿ.

ಎಂಜಿನ್ ಆಯಿಲ್‌ನಲ್ಲಿ ಸತು ಇರುವ ಒಂದು ಸೇರ್ಪಡೆ ವಾಲ್ವ್‌ಗಳನ್ನು ತೆರೆಸುವ ಹಳೆ ಕ್ಯಾಮ್‌ಶಾಫ್ಟನ್ನು ಸವೆತದಿಂದ ಕಾಯುತ್ತದೆ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಒಗ್ಗುವುದಿಲ್ಲ ಅಂತ ಈಗಿನ ಆಯಿಲ್‌ಗಳಲ್ಲಿ ಕಡಿಮೆ ಮಾಡಿದ್ದಾರೆ. ಹಳೆ ಕಾರಿಗೆ ಅಂತಲೇ ಮಾಡಿದ ಆಯಿಲ್ ಸಿಗುತ್ತದೆ, ಅದು ಸುಮ್ನೆ ಜಾಹೀರಾತಲ್ಲ.

ಪೆಟ್ರೋಲಿನಲ್ಲಿ ಹಿಂದೆ ಸೀಸ ಇರುತ್ತಿತ್ತು. ಅದು ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ 2021ರಲ್ಲಿ ಅದನ್ನು ನಿಲ್ಲಿಸಿತು. ನಿಮ್ಮ ಎಂಜಿನ್ನಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿದ್ದಾರಾ ಅಂತ ಮಾರುವವರನ್ನು ಕೇಳಿ. ಹಾಕಿಲ್ಲವೆಂದರೆ ಗಾಬರಿ ಬೇಡ. ಎಂಜಿನ್ನನ್ನು ಕಿರುಚಿಸದೆ ಓಡಿಸಿ, ವಾಲ್ವ್ ಸಂದಿಯನ್ನು ಆಗಾಗ ಅಳೆದು ನೋಡಿ. ಸಂದಿ ಪದೇ ಪದೇ ಕಡಿಮೆಯಾಗುತ್ತಿದ್ದರೆ ಆಗ ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚುವ ಯೋಚನೆ ಮಾಡಿ.

ಎಲ್ಲಕ್ಕಿಂತ ಕೆಟ್ಟ ಉದಾಹರಣೆ ಸಿಟ್ರೊಯೆನ್ ಡಿಎಸ್. 1955ರಲ್ಲಿ ಬಂದ ಈ ಕಾರಿನ ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ಎಲ್ಲ ಒಂದೇ ಒತ್ತಡದ ದ್ರವದ ಮೇಲೆ ನಡೆಯುತ್ತವೆ. ಮೊದಲಿನ ಕಾರುಗಳಿಗೆ ಕೆಂಪು ದ್ರವ, 1960ರ ದಶಕದ ಉತ್ತರಾರ್ಧದಿಂದ ಹಸಿರು. ಒಂದರ ಕಾರಿಗೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲೆಲ್ಲ ಹಾಳು. ಹಿಂದಿನ ಮಾಲೀಕರು ಸರಿಯಾದದ್ದನ್ನೇ ಹಾಕಿದ್ದಾರೆ ಅಂತ ನಂಬುವ ಬದಲು ಮುಚ್ಚಳ ತೆಗೆದು ಬಣ್ಣ ನೋಡಿ.

7. ಓಡಿಸಿ, ನಿಜವಾಗಿಯೂ ಓಡಿಸಿ

ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಸೀಲು ಒಣಗುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ. ಹಾಗಂತ ವಾರಕ್ಕೊಮ್ಮೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಇನ್ನೂ ಕೆಟ್ಟದ್ದು. ಎಂಜಿನ್ನಿನಲ್ಲಿ ಪೆಟ್ರೋಲ್ ಸುಡುವಾಗ ನೀರೂ ಹುಟ್ಟುತ್ತದೆ. ಸರಿಯಾಗಿ ಬಿಸಿಯಾಗದಿದ್ದರೆ ಆ ನೀರು ಆಯಿಲ್‌ಗೆ ಮತ್ತು ಸೈಲೆನ್ಸರಿಗೆ ಇಳಿದು ಕೂರುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆಗಿಂತ ಜಾಸ್ತಿ ರಸ್ತೆಯಲ್ಲಿ ಓಡಲಿ. ಆಗದಿದ್ದರೆ ಸ್ಟಾರ್ಟ್ ಮಾಡದೆ ಬಿಡುವುದೇ ವಾಸಿ.

ಮೊದಮೊದಲು ಮನೆಯ ಸುತ್ತ ನಾಲ್ಕೈದು ಕಿಲೋಮೀಟರ್ ಮಾತ್ರ, ಕೆಟ್ಟರೆ ನಡೆದು ಬರುವಷ್ಟು. ಆಮೇಲೆ ದೂರ ಬೆಳೆಸಿ. ಡಿಕ್ಕಿಯಲ್ಲಿ ಒಂದು ಜೊತೆ ಪಾಯಿಂಟ್ಸ್, ಕಂಡೆನ್ಸರ್, ಪ್ಲಗ್, ಫ್ಯಾನ್ ಬೆಲ್ಟ್, ಫ್ಯೂಸ್, ತಂತಿ, ಟೇಪು, ಟಾರ್ಚು, ನೀರು ಇರಲಿ.

ದಾರಿಯಲ್ಲಿ ಬರುವ ತೊಂದರೆ ಎರಡು ಮೂರೇ. ಎಂಜಿನ್ ಬಿಸಿಯಾದ ಮೇಲೆ ನಿಂತು ಸ್ಟಾರ್ಟ್ ಆಗದಿದ್ದರೆ ವೇಪರ್ ಲಾಕ್ ಇರಬಹುದು. ಪೈಪಿನಲ್ಲಿರುವ ಪೆಟ್ರೋಲ್ ಬಿಸಿಗೆ ಆವಿಯಾಗಿ ಪಂಪಿಗೆ ಸಿಗದಿರುವುದು. ಬಾನೆಟ್ ತೆಗೆದು ಅರ್ಧ ಗಂಟೆ ಕಾಯಿರಿ, ಸೆಲ್ಫ್ ಹೊಡೆಯುತ್ತಾ ಬ್ಯಾಟರಿ ಮುಗಿಸಬೇಡಿ. ರೇಡಿಯೇಟರ್ ಕುದಿದರೆ ಮುಚ್ಚಳ ಮುಟ್ಟಬೇಡಿ. ಅದು ತೆರೆದ ಕೂಡಲೇ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ಆರಲಿ.

ಓಡಿಸುವ ರೀತಿಯೂ ಬೇರೆ. ಡ್ರಮ್ ಬ್ರೇಕು ಒಂದೆರಡು ಸಲ ಜೋರಾಗಿ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಮೊದಲೇ ಗೇರ್ ಇಳಿಸಿ. ಮುಂದಿನ ಕಾರಿನಿಂದ ದೂರ ಇರಿ. ಆ ಜಾಗಕ್ಕೆ ಯಾರೋ ಒಬ್ಬರು ಬಂದು ನುಗ್ಗುತ್ತಾರೆ, ಮತ್ತೆ ದೂರ ಇರಿ. ನಿಮ್ಮ ಹಿಂದಿನವರ ಕಾರು ನಿಮ್ಮದಕ್ಕಿಂತ ಬೇಗ ನಿಲ್ಲುತ್ತದೆ, ಅದೊಂದು ಸಮಾಧಾನ.

8. ಬರೆದಿಡಿ

ಒಂದು ದಪ್ಪ ನೋಟ್‌ಬುಕ್ ಸಾಕು. ದಿನಾಂಕ, ಮೀಟರ್ ಓದು, ಮಾಡಿದ ಕೆಲಸ, ಕೊಟ್ಟ ಹಣ. ಖರ್ಚು ಬರೆಯಲು ಹಿಂಜರಿಯಬೇಡಿ. ನಾನು ಯಾವುದೇ ಕೆಲಸಕ್ಕೆ ಅಂದಾಜು ಹಾಕಿದ ಮೇಲೆ ಹಣವನ್ನೂ ಸಮಯವನ್ನೂ ಎರಡರಷ್ಟು ಮಾಡಿಕೊಳ್ಳುತ್ತೇನೆ, ಆಗ ಹತ್ತಿರಕ್ಕೆ ಬರುತ್ತದೆ. ಹೂಡಿಕೆ ಅಂತ ಈ ಹವ್ಯಾಸಕ್ಕೆ ಬಂದವರು ಬೆಲೆ ಇಳಿದ ವರ್ಷ ಹೊರಟುಹೋಗುತ್ತಾರೆ.

9. ಜನರನ್ನು ಸಂಪಾದಿಸಿ

ನಿಮ್ಮ ಮಾಡೆಲ್ಲಿನ ಕ್ಲಬ್ ಇದ್ದರೆ ಕಾರು ಕೊಳ್ಳುವ ಮುಂಚೆಯೇ ಸೇರಿ. ಅಲ್ಲಿ ಯಾವಾಗಲೂ ಒಬ್ಬ ಹಿರಿಯರಿರುತ್ತಾರೆ, ಎಂಜಿನ್ ಸದ್ದು ಕೇಳಿಯೇ "ಎರಡನೇ ಸಿಲಿಂಡರ್ ನೋಡಪ್ಪ" ಅನ್ನುವವರು. ಅವರ ಪಕ್ಕ ಟಾರ್ಚು ಹಿಡಿದು ನಿಲ್ಲುವ ಕೆಲಸ ಕೇಳಿ ಪಡೆಯಿರಿ.

ಪ್ರಶ್ನೆ ಕೇಳುವ ರೀತಿ ಗೊತ್ತಿರಬೇಕು. "ನನ್ನ ಕಾರು ಸ್ಟಾರ್ಟ್ ಆಗ್ತಿಲ್ಲ, ಏನ್ಮಾಡ್ಲಿ?" ಅಂದರೆ ಯಾರೂ ಉತ್ತರಿಸಲಾರರು. ಯಾವ ವರ್ಷದ್ದು, ಯಾವ ಎಂಜಿನ್, ತಣ್ಣಗಿದ್ದಾಗಲಾ ಬಿಸಿಯಾಗಿದ್ದಾಗಲಾ, ಕಿಡಿ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ, ಕೆಡುವ ಮುಂಚೆ ನೀವು ಕೊನೆಗೆ ಮುಟ್ಟಿದ್ದು ಏನನ್ನು? ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗಲೇ ತೊಂದರೆ ಏನೆಂದು ಹೊಳೆಯುವುದುಂಟು. ಸರಿಹೋದ ಮೇಲೆ ಏನಾಗಿತ್ತು ಅಂತ ತಿಳಿಸಿ. ತಿಳಿಸದವರಿಗೆ ಮುಂದಿನ ಸಲ ಯಾರೂ ಉತ್ತರ ಕೊಡುವುದಿಲ್ಲ.

ಅಸಲು ಮುಖ್ಯವೋ ಅನುಕೂಲ ಮುಖ್ಯವೋ ಅನ್ನುವ ವಾದ ಈ ಬಳಗದಲ್ಲಿ ಮುಗಿಯುವಂಥದ್ದಲ್ಲ. ಅದರಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ವಾಪಸ್ ಮಾಡಲು ಆಗುವ ಬದಲಾವಣೆ ಮಾಡಿ, ತೆಗೆದ ಭಾಗ ಜೋಪಾನವಾಗಿಡಿ. ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಹೊರಗೆ ಯಾರಿಗೂ ಕಾಣದು. ಡ್ಯಾಶ್‌ಬೋರ್ಡ್ ಕತ್ತರಿಸಿ ಸ್ಟೀರಿಯೋ ಹಾಕಿದರೆ ಅದನ್ನು ಸರಿ ಮಾಡುವ ಪಾಡು ಮುಂದಿನ ಮಾಲೀಕರದ್ದು.

ಮನೆಯವರ ವಿಷಯ. ಕಾರಿನ ಬಗ್ಗೆ ಅವರಿಗೆ ಪಾಠ ಮಾಡಬೇಡಿ. ಮೊದಲ ಸಲ ಕೂರಿಸಿಕೊಂಡು ಹೋದಾಗ ದಾರಿಯಲ್ಲಿ ಕೆಟ್ಟರೆ ಎರಡನೇ ಸಲ ಅವರು ಬರುವುದಿಲ್ಲ. ಒಬ್ಬರೇ ಹತ್ತು ಸಲ ಓಡಿಸಿ ನಂಬಿಕೆ ಬಂದ ಮೇಲೆ ಕರೆಯಿರಿ.

10. ಬೇಸರ ಬಂದಾಗ

ಬರುತ್ತದೆ. ಸಾಮಾನ್ಯವಾಗಿ ಎರಡನೇ ವರ್ಷ, ಒಂದೇ ತೊಂದರೆ ಮೂರನೇ ಸಲ ಮರಳಿದಾಗ. ಆಗ ದೊಡ್ಡ ನಿರ್ಧಾರ ಮಾಡಬೇಡಿ. ಅರ್ಧ ಬಿಚ್ಚಿದ್ದನ್ನು ಜೋಡಿಸಿ, ಓಡುವ ಸ್ಥಿತಿಗೆ ತಂದು, ಆಮೇಲೆ ವಿರಾಮ ತೆಗೆದುಕೊಳ್ಳಿ. ಕಾರು ನಿಮಗೆ ಹೊಂದುತ್ತಿಲ್ಲ ಅನ್ನಿಸಿದರೆ ಮಾರಿಬಿಡಿ, ಅದರಲ್ಲಿ ಸೋಲೇನಿಲ್ಲ. ಓಡುವ ಕಾರಿಗೆ ಬೆಲೆ ಬರುತ್ತದೆ, ಡಬ್ಬಿಗಳಲ್ಲಿರುವ ಕಾರಿಗೆ ಗುಜರಿ ಬೆಲೆ. ಮೂವತ್ತು ವರ್ಷದಿಂದ ಈ ಹವ್ಯಾಸದಲ್ಲಿರುವವರನ್ನು ಕೇಳಿ ನೋಡಿ, ನಾಲ್ಕೈದು ಕಾರು ಮಾರಿರುತ್ತಾರೆ.

ಕೆಲವು ತಿಂಗಳು ನಿಲ್ಲಿಸುವುದಾದರೆ ಹೀಗೆ ನಿಲ್ಲಿಸಿ. ಎಂಜಿನ್ ಆಯಿಲ್ ಹೊಸದು ಹಾಕಿ, ಹಳೆಯದರಲ್ಲಿರುವ ಆಮ್ಲ ಬೇರಿಂಗ್ ತಿನ್ನದಿರಲಿ. ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಖಾಲಿ ಟ್ಯಾಂಕಿನ ಗಾಳಿಯಲ್ಲಿ ತೇವ ಸೇರುತ್ತದೆ. ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ದ್ರವ ಬೆರೆಸಿ, ಅದು ಕಾರ್ಬ್ಯುರೇಟರ್ ತನಕ ತಲುಪುವಷ್ಟು ಓಡಿಸಿ. ಬ್ಯಾಟರಿ ಬಿಚ್ಚಿ, ತಾನೇ ನಿಲ್ಲುವ ಸಣ್ಣ ಚಾರ್ಜರಿಗೆ ಹಾಕಿ. ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಇರಲಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟಿಗೆ ಕೊಡಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರುತ್ತದೆ. ಗಾಳಿಯಾಡುವ ಬಟ್ಟೆ ಹೊದಿಸಿ. ಇಲಿ ಹೋಗದಂತೆ ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರ್ ಮೂತಿಗೂ ಬಟ್ಟೆ ತುರುಕಿ. ಹಾಗೆ ತುರುಕಿದ್ದೀರಿ ಅಂತ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಸ್ಟೀರಿಂಗಿಗೆ ಅಂಟಿಸಿ. ಮತ್ತೆ ಸ್ಟಾರ್ಟ್ ಮಾಡುವ ದಿನ ನಿಮಗೆ ನೆನಪಿರುವುದಿಲ್ಲ.